ಓಡಲಿಕ್ಕೆ ಒಂದು, ಇಡಲಿಕ್ಕೆ ಒಂದು

ನಮ್ಮ ಮನೆಯ ಕಂಪ್ಯೂಟರಿಗೆ ಎಂಟು ವರ್ಷ. ಗುಂಡಿ ಒತ್ತಿ, ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಪಿಯುಸಿ ಓದುವ ಮಗಳದು ಒಂದೇ ಹಟ: "ಅವ್ವಾ, ಹೊಸಾದು ತಗೋಳೋಣ." ಅವಳ ಫೀಸೇ ಮುಂದಿರುವಾಗ ಹೊಸದು ಎಲ್ಲಿಂದ ತರೋದು?

ಬಸವಕಲ್ಯಾಣದಿಂದ ತವರೂರು ಹುಮನಾಬಾದಿಗೆ ಹೊರಟಾಗ ಸಿಪಿಯು ಡಬ್ಬಿಯನ್ನೂ ಜೊತೆಗೆ ಒಯ್ದೆ. ಅಲ್ಲಿನ ರಿಪೇರಿ ಅಂಗಡಿಯ ಹುಡುಗ ಬಿಚ್ಚಿ ನೋಡಿ, "ಅಕ್ಕಾ, ಮಷೀನ್ ಚಲೋ ಅದ. ಹಾರ್ಡ್ ಡಿಸ್ಕೂ ಕೆಟ್ಟಿಲ್ಲ, ನಿಧಾನ ಅಷ್ಟೇ. ಎಸ್‌ಎಸ್‌ಡಿ ಹಾಕ್ರಿ. ಹಳೇದು ಇಲ್ಲೇ ಬಿಟ್ರ ರೊಕ್ಕ ಸ್ವಲ್ಪ ಕಡಿಮಿ ಮಾಡ್ತೀನಿ" ಅಂದ.

ಬಿಡೋದು ಹೇಗೆ? ತೀರಿಕೊಂಡ ನಮ್ಮತ್ತೆ ಶ್ರಾವಣದಲ್ಲಿ ವಚನ ಹಾಡಿದ ದನಿ ಉಳಿದಿರುವುದು ಅದೊಂದರಲ್ಲೇ.

ಕೂತು ಎಲ್ಲಾ ಕೇಳಿ ತಿಳಿದುಕೊಂಡೆ. ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ನಿಮಿಷಕ್ಕೆ 5400 ಇಲ್ಲವೇ 7200 ಸುತ್ತು ತಿರುಗುತ್ತವೆ. ಒಂದು ಸಣ್ಣ ತೋಳು ಅತ್ತಿತ್ತ ಓಡಾಡಿ ಮಾಹಿತಿ ಹುಡುಕುತ್ತದೆ. ತಡವಾಗುವುದು ಈ ಹುಡುಕಾಟದಲ್ಲೇ. 1956ರಲ್ಲಿ ಐಬಿಎಂ ತಂದ ಮೊದಲ ಡಿಸ್ಕಿನಲ್ಲಿ 50 ತಟ್ಟೆ ಇದ್ದರೂ ಹಿಡಿಯುತ್ತಿದ್ದದ್ದು ಸುಮಾರು 5 ಎಂಬಿ. ಇಂದು ಒಂದೆರಡು ಫೋಟೊ! ಎಸ್‌ಎಸ್‌ಡಿಯಲ್ಲಿ ತಿರುಗುವಂಥದ್ದು ಏನೂ ಇಲ್ಲ, ಬರೀ ಚಿಪ್ಪು. ಅದಕ್ಕೇ ವೇಗ, ಪೆಟ್ಟಿನ ಭಯವೂ ಕಡಿಮೆ. ಆದರೆ ಅಷ್ಟೇ ಜಾಗಕ್ಕೆ ಬೆಲೆ ಜಾಸ್ತಿ. ಕೆಟ್ಟರೆ ಹೆಚ್ಚಾಗಿ ಸದ್ದಿಲ್ಲದೆ ಕೆಡುತ್ತದೆ. ಹಾರ್ಡ್ ಡಿಸ್ಕಾದರೆ ಕೆಲವು ಸಲ ಟಿಕ್‌ಟಿಕ್ ಅಂತ ಮೊದಲೇ ಸೂಚನೆ ಕೊಡುತ್ತದೆ. ಕರೆಂಟಿಲ್ಲದೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟರೆ ಎಸ್‌ಎಸ್‌ಡಿಯಲ್ಲಿದ್ದದ್ದು ಮಾಸುವ ಸಂಭವವೂ ಉಂಟು.

ಹೀಗಾಗಿ 256 ಜಿಬಿಯ ಚಿಕ್ಕ ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ ಅದರಲ್ಲಿ ಕೂರಿಸಿದೆವು. ಅತ್ತೆಯ ದನಿಯ ಒಂದು ಪ್ರತಿ ಅದಕ್ಕೂ ಹೋಯಿತು. ಹಳೆ ಡಿಸ್ಕಿಗೆ ಯುಎಸ್‌ಬಿ ಕವಚ ತೊಡಿಸಿ, ಮೆತ್ತಗಿನ ಬಟ್ಟೆಯಲ್ಲಿ ಸುತ್ತಿ ತವರಿನ ಕಪಾಟಿನಲ್ಲೇ ಇಟ್ಟು ಬಂದೆ. ಒಂದು ಊರಲ್ಲಿ ಏನಾದರೂ ಆದರೆ ಇನ್ನೊಂದು ಊರಲ್ಲಿ ಇರಲಿ.

ಈಗ ಕಂಪ್ಯೂಟರ್ ಅರ್ಧ ನಿಮಿಷದೊಳಗೆ ತೆರೆದುಕೊಳ್ಳುತ್ತದೆ. ಮಗಳೂ ಹೊಸದು ಬೇಕು ಅನ್ನುತ್ತಿಲ್ಲ.

ನಿಮ್ಮ ಮನೆಯಲ್ಲೂ ಇದೇ ಪ್ರಶ್ನೆ ಎದ್ದರೆ, ದಿನದ ಕೆಲಸಕ್ಕೆ ಎಸ್‌ಎಸ್‌ಡಿ, ಹೆಚ್ಚು ಫೋಟೊ-ವಿಡಿಯೊ ಕೂಡಿಡಲು ಹಾರ್ಡ್ ಡಿಸ್ಕ್ ಅನ್ನಿ. ಆದರೆ ಯಾವುದೂ ಶಾಶ್ವತವಲ್ಲ. ಮತ್ತೆ ಸಿಗದಂಥದ್ದು ಎರಡು ಕಡೆ ಇರಲಿ. ವರ್ಷಕ್ಕೊಮ್ಮೆಯಾದರೂ ಜೋಡಿಸಿ, ತೆರೆದು, ಕೇಳಿ ನೋಡಿ.