ಕೌದಿಗೆ ಕತ್ತರಿ

ಕಳೆದ ದೀಪಾವಳಿಗೆ ಬಂದಿದ್ದ ಮಗಳು ಬೆಂಗಳೂರಿಗೆ ಹೊರಡುವಾಗ ನಾಲ್ಕು ಹಾಳೆ ಕೈಗಿಟ್ಟಳು. ಹೆಗಲಿನಿಂದ ಅಡ್ಡಲಾಗಿ ಸೊಂಟಕ್ಕೆ ಇಳಿಬೀಳುವ ಪುಟ್ಟ ಚೀಲದ ನಕ್ಷೆ. "ಫೋನು, ಬಸ್ ಪಾಸು, ಕೀಲಿಕೈ ಹಿಡಿಸಿದರ ಸಾಕವ್ವಾ. ಅಜ್ಜಿ ಕೌದಿ ಅದಲ್ಲ, ಅದರಾಗ ಹೊಲಿದು ಕೊಡು" ಎಂದಳು. ಮೊದಲನೆಯ ಮಾತಿಗೆ ಹೂಂ ಅಂದವಳು ಎರಡನೆಯದಕ್ಕೆ ಸುಮ್ಮನಾದೆ.

ಕೌದಿ ಟ್ರಂಕಿನಲ್ಲಿತ್ತು. ನಡುವೆಲ್ಲ ಪಿಸಿದು ಹೋಗಿ ಹೊದೆಯಲು ಬರುತ್ತಿರಲಿಲ್ಲ. ಕಾಲ್ದೆಸೆಯ ಒಂದು ಮೊಳ ಮಾತ್ರ ಗಟ್ಟಿ. ಹಾಗೇ ಇಟ್ಟರೆ ಇಲಿಯ ಪಾಲು, ಗೊತ್ತು. ಆದರೂ ಅವ್ವನ ಹೊಲಿಗೆಗೆ ಕತ್ತರಿ ಹಾಕಲು ಕೈ ಬರಲಿಲ್ಲ. ಎರಡು ತಿಂಗಳು ಹಾಳೆಗಳು ಕ್ಯಾಲೆಂಡರಿನ ಹಿಂದೆಯೇ ಉಳಿದವು.

ಸಂಕ್ರಾಂತಿ ಕಳೆದ ಮೇಲೆ ಧೈರ್ಯ ಮಾಡಿದೆ. ನಕ್ಷೆಯ ಮೂಲೆಯಲ್ಲಿ 1 ಅಂಗುಲದ ಚೌಕವೊಂದಿತ್ತು, ಅಳತೆ ತಾಳೆ ನೋಡಲು. ಟೇಪು ಹಿಡಿದರೆ ಅಂಗುಲ ತುಂಬಲಿಲ್ಲ. ಅಚ್ಚು ಹಾಕಿದ ಅಂಗಡಿಯವನು ಹಾಳೆಗೆ ಹಿಡಿಸಲೆಂದು ಕುಗ್ಗಿಸಿದ್ದ. ಹಳೆಯ ಪೇಪರಿನ ಮೇಲೆ ನಾನೇ ಬರೆದುಕೊಂಡೆ. 9 ಅಂಗುಲಕ್ಕೆ 7. ಸುತ್ತ ಅರ್ಧರ್ಧ ಅಂಗುಲ ಹೊಲಿಗೆಗೆ ಹೋದರೆ 8ಕ್ಕೆ 6ರ ಚೀಲ.

ಎರಡು ಬಟ್ಟೆಯ ನಡುವೆ ಹತ್ತಿಯ ಹಾಸು ಇಟ್ಟು, ಸಾಲುಸಾಲಾಗಿ ಹೊಲಿದುಕೊಂಡು, ಆಮೇಲಷ್ಟೇ ಅಳತೆಗೆ ಕತ್ತರಿಸಬೇಕೆಂದು ನಕ್ಷೆ ಹೇಳುತ್ತಿತ್ತು. ಸರಿಯೇ. ಹೊಲಿದಂತೆಲ್ಲ ಬಟ್ಟೆ ಒಳಕ್ಕೆ ಸೇದಿಕೊಳ್ಳುತ್ತದೆ. ನನ್ನ ಪಾಲಿನ ಆ ಕೆಲಸವನ್ನು ಅವ್ವ ನಲವತ್ತು ವರ್ಷಗಳ ಹಿಂದೆಯೇ ಮುಗಿಸಿದ್ದಳು. ಆದರೆ ಕೌದಿಯದು ಕೈಯಲ್ಲಿ ದಾರ ಓಡಿಸಿದ ಹೊಲಿಗೆ. ನಡುವೆ ಕತ್ತರಿಸಿದರೆ ತುದಿಯಿಂದ ಬಿಚ್ಚುತ್ತಾ ಹೋಗುತ್ತದೆ. ಅದಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಗೆರೆಯ ಒಳಗೆ ಸುತ್ತಲೂ ಮಷಿನ್ ಹೊಲಿಗೆ ಹಾಕಿ, ಅವ್ವನ ದಾರಗಳನ್ನೆಲ್ಲ ಹಿಡಿದು ನಿಲ್ಲಿಸಿ ಆಮೇಲೆ ಕತ್ತರಿ ಎತ್ತಿಕೊಂಡೆ.

ಕತ್ತರಿಸಿದ ಅಂಚಿನಲ್ಲಿ ಪದರಗಳು ಕಂಡವು. ಮೇಲೆ ಇಳಕಲ್ಲ ಸೀರೆ. ಅದರಡಿಗೆ ಅಪ್ಪನ ಧೋತರ. ಅದರಡಿಗೆ ಹಸಿರು ಹೂವಿನ ಬಟ್ಟೆ, ಬೆಳಕು ಕಾಣದ್ದರಿಂದ ಬಣ್ಣ ಮಾಸಿರಲೇ ಇಲ್ಲ. ನಾಲ್ಕನೇ ಇಯತ್ತೆಯ ನನ್ನ ಲಂಗ! ಅದನ್ನು ಪಾತ್ರೆ ಮಾರುವವಳಿಗೆ ಹಾಕಿಬಿಟ್ಟಳೆಂದು ಅವ್ವನ ಮೇಲೆ ಜಗಳ ತೆಗೆದು ಎರಡು ದಿನ ಉಂಡಿರಲಿಲ್ಲ. ಅವ್ವ ಏನೂ ಹೇಳಿರಲಿಲ್ಲ. ಆಮೇಲೆ ಎಷ್ಟೋ ಚಳಿಗಾಲ ಅದನ್ನೇ ಹೊದ್ದು ಮಲಗಿದ್ದೆನಲ್ಲ.

ಆ ಹೊತ್ತು ಮುಂದೆ ಕೆಲಸ ಸಾಗಲಿಲ್ಲ.

ಮರುದಿನ ಜಿಪ್ಪು, ಲೈನಿಂಗ್ ಕೂಡಿಸಿದೆ. ಐದು ಪದರ ಎರಡಾಗಿ ಸೇರುವಲ್ಲಿ ಮಷಿನ್ನು ಎರಡು ಸೂಜಿ ಮುರಿಯಿತು. ಪಕ್ಕಗಳನ್ನು ಕೈಯಲ್ಲೇ ಹೊಲಿದೆ. ಒಳಮೈ ಹೊರಕ್ಕೆ ತಿರುಗಿಸಲು ಹೋದರೆ ಚೀಲ ತಿರುಗಲೊಲ್ಲದು! ಸುತ್ತ ಹೊಲಿಯುವ ಮೊದಲು ಜಿಪ್ಪು ಅರ್ಧ ತೆರೆದಿಡಬೇಕೆಂದು ಎರಡನೆಯ ಹಾಳೆಯಲ್ಲಿ ದಪ್ಪಕ್ಷರದಲ್ಲೇ ಇತ್ತು. ಓದಿಯೂ ಇದ್ದೆ. ಹೊಲಿದದ್ದಕ್ಕಿಂತ ಹೆಚ್ಚು ಹೊತ್ತು ಬಿಚ್ಚಲು ಹಿಡಿಯಿತು. ಹೆಗಲಪಟ್ಟಿಗೆ ಮಾತ್ರ 4 ಅಂಗುಲ ಅಗಲದ ಹೊಸ ಬಟ್ಟೆಯನ್ನೇ ನಾಲ್ಕು ಮಡಿಕೆ ಮಾಡಿದೆ. ಹಳೆಯ ಸೀರೆ ಭಾರ ತಾಳದು.

ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ನಾಲ್ಕು ಮೂಲೆಗೂ ಬಟ್ಟೆ ಮಡಚಿದ 'ಫೂಲ' ಕೂಡಿಸದೆ ಕೌದಿ ಮುಗಿಯಿತೆನ್ನುವುದಿಲ್ಲ. ನಮ್ಮವ್ವನ ಶಾಸ್ತ್ರ ಬೇರೆ. ಕೊನೆಯ ಮೂಲೆ ಮುಚ್ಚುವ ಮುನ್ನ ಚೂರು ಹೋಳಿಗೆ ಒಳಗಿಡುತ್ತಿದ್ದಳು, ಕೌದಿ ಹಸಿದಿರಬಾರದೆಂದು. ನಾನು ಇರುವೆಗೆ ಹೆದರಿ, ಲೈನಿಂಗಿನ ಸಂದು ಮುಚ್ಚುವಾಗ ನಾಲ್ಕು ಕಾಳು ಜೋಳ ಹಾಕಿದೆ.

ಚೀಲ ಮುಟ್ಟಿದ ದಿನ ಮಗಳ ಫೋನು ಬಂತು. "ಭಾರಿ ಚಂದ ಆಗೇದವ್ವಾ. ಆದರ ತಳದಾಗ ಏನೋ ಕೈಗೆ ಹತ್ತತೈತಲ್ಲ?"

"ಇರಲಿ ಬಿಡು, ಬಿಚ್ಚಬ್ಯಾಡ" ಎಂದೆ.