ಯಾವ ತಿಂಗಳ ಟೈಗರ್?

1939ರಲ್ಲಿ ಪೋಲೆಂಡಿನೊಳಕ್ಕೆ ನುಗ್ಗಿದ ಜರ್ಮನ್ ಟ್ಯಾಂಕುಗಳ ಬಣ್ಣ ಯಾವುದು? ಪುಟಾಣಿ ಟ್ಯಾಂಕು ಕಟ್ಟುವ ಹವ್ಯಾಸದವರನ್ನು ಮೂವತ್ತು ವರ್ಷಗಳ ಹಿಂದೆ ಹೀಗೆ ಕೇಳಿದ್ದರೆ, ಕೈಯಲ್ಲಿದ್ದ ಬ್ರಷ್ ಕೆಳಗಿಡದೆ ‘ಕಡುಬೂದು’ ಎಂದುಬಿಡುತ್ತಿದ್ದರು. ಫೋಟೊಗಳಲ್ಲೂ ಹಾಗೇ ಇದೆಯಲ್ಲ! ಆಮೇಲೆ ಥಾಮಸ್ ಜೆಂಟ್ಸ್ ಮತ್ತು ಹಿಲರಿ ಡಾಯ್ಲ್ ಎಂಬ ಇಬ್ಬರು ಸಂಶೋಧಕರು ಜರ್ಮನ್ ಸೈನ್ಯದ ಹಳೆಯ ಆದೇಶಗಳನ್ನು ಕೆದಕಿ ಬೇರೆಯದೇ ಸಂಗತಿ ಹೊರಗೆ ತೆಗೆದರು. ಆ ಟ್ಯಾಂಕುಗಳ ಮೈಯಲ್ಲಿ ಮೂರರಲ್ಲಿ ಎರಡು ಪಾಲು ಕಡುಬೂದು, ಉಳಿದ ಒಂದು ಪಾಲು ಕಡುಕಂದು. ಬರೀ ಬೂದು ಸಾಕು ಎಂಬ ಆದೇಶ ಬಂದದ್ದು 1940ರ ಜುಲೈ ಕೊನೆಗೆ, ಅಂದರೆ ಫ್ರಾನ್ಸ್ ಸೋತು ಕೈಚೆಲ್ಲಿದ ಮೇಲೆ. ಈ ಸಂಗತಿ ಹೊರಬೀಳುವವರೆಗೆ ಜಗತ್ತಿನ ಷೋಕೇಸುಗಳಲ್ಲಿ ಕೂತಿದ್ದ ಪೋಲೆಂಡ್ ಟ್ಯಾಂಕುಗಳ ಗತಿ ಏನಾಯಿತು ಅಂತ ಕೇಳಬೇಡಿ.

ಬರೀ ಬೂದು ಬಳಿದವರದೇನೂ ತಪ್ಪಲ್ಲ ಬಿಡಿ. ನಮ್ಮ ಹಳೆಯ ಕಪ್ಪು-ಬಿಳುಪು ಸಿನಿಮಾದಲ್ಲಿ ನಾಯಕಿ ಉಟ್ಟ ಸೀರೆ ಹಸಿರೋ ಕೆಂಪೋ, ನೋಡಿ ಹೇಳಿ ನೋಡೋಣ! ಕಡುಬೂದು, ಕಡುಕಂದು ಪಕ್ಕಪಕ್ಕದಲ್ಲಿದ್ದರೆ ಆ ಕಾಲದ ಫಿಲ್ಮಿಗೆ ಎರಡೂ ಒಂದೇ. ಫಿಲ್ಮಿನಲ್ಲೂ ಜಾತಿಗಳಿದ್ದವು. ಆರ್ಥೊಕ್ರೊಮ್ಯಾಟಿಕ್ ಎಂಬ ಜಾತಿಯದಕ್ಕೆ ಕೆಂಪು ಕಾಣುವುದೇ ಇಲ್ಲ, ಕೆಂಪಿದ್ದ ಕಡೆ ಕಪ್ಪು ಮೂಡುತ್ತದೆ. ಆದ್ದರಿಂದ ಫೋಟೊ ನೋಡಿ ಬಣ್ಣ ಹೇಳುವವರ ಮಾತು ಕೇಳಬೇಕು, ನಂಬಬಾರದು.

ಹೀಗೆ ಕೆದಕಿ ನೋಡುವ ರೋಗ ನನಗೆ ಅಂಟಿಸಿದ್ದು ಬೆಂಗಳೂರಿನ ಗೆಳೆಯರೊಬ್ಬರು. ಅವರ ಮನೆಯಲ್ಲಿ ಪ್ಲಾಸ್ಟಿಕ್ ಟ್ಯಾಂಕುಗಳಿಗಿಂತ ಅವುಗಳ ಮೇಲಿನ ಪುಸ್ತಕಗಳೇ ಹೆಚ್ಚು. ಅವರ ತಾಯಿ ಒಮ್ಮೆ, “ಆಟದ ಸಾಮಾನು ಅಂಟಿಸೋಕೆ ಇಷ್ಟೊಂದು ಓದಬೇಕೇನೋ? ಇಷ್ಟು ಓದಿದ್ರೆ ಐ.ಎ.ಎಸ್. ಆದ್ರೂ ಆಗ್ತಿದ್ದೆ” ಅಂದರು. ಮಗ ಮಾತಾಡಲಿಲ್ಲ. ಭೂತಗನ್ನಡಿ ಹಿಡಿದು ಟೈಗರ್ ಟ್ಯಾಂಕಿನ ಚಕ್ರ ನೋಡುತ್ತಿದ್ದರು.

ಆ ಚಕ್ರದಲ್ಲೇ ಇದೆ ಕಥೆ. ‘ಟೈಗರ್ ಮಾಡ್ತಿದ್ದೀನಿ’ ಎಂದರೆ ಈ ಮಂದಿಗೆ ಉತ್ತರವೇ ಅಲ್ಲ. ‘ಯಾವ ತಿಂಗಳದ್ದು?’ ಎಂಬ ಪ್ರಶ್ನೆ ಒಡನೆಯೇ ಬರುತ್ತದೆ. ಜರ್ಮನಿಯ ಕಾಸೆಲ್ ಊರಿನ ಹೆನ್ಶೆಲ್ ಕಾರ್ಖಾನೆ 1942ರ ಆಗಸ್ಟಿನಿಂದ 1944ರ ಆಗಸ್ಟಿನವರೆಗೆ ಟೈಗರ್ ಕಟ್ಟಿತು. ಆ ಎರಡು ವರ್ಷಗಳಲ್ಲಿ ಏನಾದರೊಂದನ್ನು ಬದಲಿಸುತ್ತಲೇ ಇತ್ತು. ಮೊದಲ 250ಕ್ಕೆ ಒಂದು ಎಂಜಿನ್, ಆಮೇಲಿನವಕ್ಕೆ ಇನ್ನೊಂದು. ಕಮಾಂಡರ್ ತಲೆ ಹೊರಹಾಕುವ ಡಬ್ಬಿಯಂಥ ಗುಮ್ಮಟ 1943ರ ಮಧ್ಯದಲ್ಲಿ ಹೋಗಿ ಎರಕದ ಗುಮ್ಮಟ ಬಂತು. ಹಿಂಭಾಗದಲ್ಲಿದ್ದ, ಧೂಳು ಸೋಸುವ ಫೈಫೆಲ್ ಫಿಲ್ಟರ್ ಅದೇ ವರ್ಷದ ಶರತ್ಕಾಲದಲ್ಲಿ ಮಾಯ. ರಬ್ಬರಿನ ಅಭಾವದಿಂದ 1944ರ ಫೆಬ್ರವರಿಯಲ್ಲಿ ಉಕ್ಕಿನ ಅಂಚಿನ ಚಕ್ರಗಳು ಬಂದವು. ಚಕ್ರಗಳನ್ನು ಸುತ್ತುವ ಉಕ್ಕಿನ ಪಟ್ಟಿಯೂ ಎರಡು ಬಗೆ: ಕಾಳಗಕ್ಕೆ 725 ಮಿ.ಮೀ. ಅಗಲದ್ದು, ರೈಲಿನಲ್ಲಿ ಸಾಗಿಸುವಾಗ ಪಕ್ಕಕ್ಕೆ ಚಾಚದಿರಲಿ ಎಂದು 520ರದ್ದು.

ಎಲ್ಲಕ್ಕಿಂತ ಹೆಚ್ಚು ಜನರ ಮಾನ ತೆಗೆದದ್ದು ಜಿಮ್ಮೆರಿಟ್. ಶತ್ರು ಕಾಲಾಳು ಓಡಿಬಂದು ಆಯಸ್ಕಾಂತದ ಬಾಂಬು ಅಂಟಿಸಿಬಿಟ್ಟರೆ ಎಂಬ ಹೆದರಿಕೆಗೆ, ಟ್ಯಾಂಕಿನ ಮೈಗೆ ಮರದಪುಡಿ ಕಲಸಿದ ಒಂದು ಗಾರೆಯನ್ನು ಗೆರೆಗೆರೆಯಾಗಿ ಮೆತ್ತುತ್ತಿದ್ದರು. ತಮಾಷೆ ಎಂದರೆ ಅಂಥ ಬಾಂಬನ್ನು ಹೆಚ್ಚಾಗಿ ಬಳಸುತ್ತಿದ್ದವರು ಜರ್ಮನರೇ! ತಮ್ಮ ಆಯುಧಕ್ಕೆ ತಾವೇ ಹೆದರಿ ಬಳಿದ ಗಾರೆ ಅದು. ಕಾರ್ಖಾನೆಯಲ್ಲಿ ಶುರುವಾದದ್ದು 1943ರ ಬೇಸಿಗೆಯ ಕೊನೆಗೆ. ಏಟು ಬಿದ್ದರೆ ಅದಕ್ಕೆ ಬೆಂಕಿ ಹತ್ತುತ್ತದೆಂಬ ಗುಲ್ಲು ಎದ್ದು 1944ರ ಸೆಪ್ಟೆಂಬರಿನಲ್ಲಿ ನಿಂತೂಹೋಯಿತು. ರಷ್ಯಾದ ಕುರ್ಸ್ಕ್ ಕದನವಾದದ್ದು 1943ರ ಜುಲೈನಲ್ಲಿ. ಆದ್ದರಿಂದ ಕುರ್ಸ್ಕ್‌ನ ಟೈಗರ್ ಎಂದು ಹೇಳಿಕೊಂಡು ಯಾರಾದರೂ ಜಿಮ್ಮೆರಿಟ್ ಮೆತ್ತಿದ್ದನ್ನು ಪ್ರದರ್ಶನಕ್ಕೆ ಇಟ್ಟರೋ, ಮೊಸರಲ್ಲಿ ಕಲ್ಲು ಹುಡುಕುವವರಿಗೆ ಅಂದು ಹಬ್ಬ.

ಇಷ್ಟು ಕಟ್ಟುನಿಟ್ಟಿನ ಮಂದಿ ಪೂಜಿಸುವ 1/35 ಎಂಬ ಅಳತೆ ಎಲ್ಲಿಂದ ಬಂತು ಗೊತ್ತೇ? 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪನಿ ಜರ್ಮನರ ಪ್ಯಾಂಥರ್ ಟ್ಯಾಂಕಿನ ಓಡಾಡುವ ಮಾದರಿ ತಂದಾಗ, ಒಳಗೆ ಬ್ಯಾಟರಿ, ಮೋಟಾರು ಕೂರಲು ಜಾಗ ಬೇಕಿತ್ತು. ಅವು ಕೂರುವಷ್ಟು ಮಾಡಿ ಅಳೆದು ನೋಡಿದರೆ ಸುಮಾರು ಮೂವತ್ತೈದರಲ್ಲಿ ಒಂದು ಪಾಲು! ಅದೇ ಶಾಸ್ತ್ರವಾಯಿತು. ಇವತ್ತು ಟೈಗರಿನ ಮುಂಭಾಗದ 100 ಮಿ.ಮೀ. ಉಕ್ಕು 2.86 ಮಿ.ಮೀ.ಗೆ ಇಳಿದಿದೆಯೇ ಎಂದು ಕ್ಯಾಲಿಪರ್ ಹಿಡಿದು ನೋಡುವವರು ಆ ಬ್ಯಾಟರಿಯ ಋಣದಲ್ಲಿದ್ದಾರೆ.

ಪುಸ್ತಕ ಬೇಡ, ಫೋಟೊ ಬೇಡ, ಉಳಿದಿರುವ ಟ್ಯಾಂಕನ್ನೇ ಹೋಗಿ ನೋಡಿದರಾಯಿತಲ್ಲ ಎನ್ನಬಹುದು. ಅಲ್ಲೇ ಇರುವುದು ದೊಡ್ಡ ಮೋಸ. ಮಾಸ್ಕೋ ಹತ್ತಿರದ ಕುಬಿಂಕಾದಲ್ಲಿರುವ ದೈತ್ಯ ಜರ್ಮನ್ ಟ್ಯಾಂಕು ‘ಮೌಸ್’ ಜಗತ್ತಿಗೆಲ್ಲ ಒಂದೇ ಒಂದು. ಅದಕ್ಕೂ ಒಂದರ ಒಡಲು, ಇನ್ನೊಂದರ ಗೋಪುರ. ಇಂಗ್ಲೆಂಡಿನ ಬೋವಿಂಗ್ಟನ್ ಸಂಗ್ರಹಾಲಯದ ಟೈಗರ್ 131 ಇನ್ನೂ ಸ್ವಾರಸ್ಯದ್ದು. 1943ರ ಏಪ್ರಿಲಿನಲ್ಲಿ ಟುನೀಸಿಯಾದಲ್ಲಿ ಬ್ರಿಟಿಷರ ಕೈಗೆ ಸಿಕ್ಕಿದ್ದು, ಇವತ್ತಿಗೂ ಓಡುತ್ತದೆ. (ಅದೇ ಟುನೀಸಿಯಾದಲ್ಲಿ ನಮ್ಮ 4ನೇ ಇಂಡಿಯನ್ ಡಿವಿಷನ್ ಕೂಡ ಕಾದಾಡಿತ್ತು. ಜರ್ಮನ್ ಸೇನಾಪತಿ ಫಾನ್ ಆರ್ನಿಮ್ ಮರುತಿಂಗಳು ಶರಣಾದದ್ದು ಅದರ ಪಡೆಗೇ.) ಈ ಟ್ಯಾಂಕು ಸಿಕ್ಕಿದ್ದು ಜೆಬೆಲ್ ಜಾಫಾ ಎಂಬ ಗುಡ್ಡದಲ್ಲಿ ಎಂದು ದಶಕಗಳ ಕಾಲ ಬರೆದದ್ದೇ ಬರೆದದ್ದು. ಕೊನೆಗೆ ಹಳೆಯ ಫೋಟೊಗಳ ಹಿನ್ನೆಲೆಯನ್ನೂ ದಾಖಲೆಗಳನ್ನೂ ತಾಳೆ ನೋಡಿದಾಗ ಗುಡ್ಡವೇ ಬೇರೆ ಎಂದಾಯಿತು. ಟ್ಯಾಂಕಿನ ಮುಂದೆ ನಿಂತ ಸೈನಿಕನನ್ನು ಬಿಟ್ಟು ಅವನ ಹಿಂದಿನ ಗುಡ್ಡದ ಸಾಲನ್ನು ನೋಡುವ ಈ ಬುದ್ಧಿಯೇ ನನಗೆ ಈ ಹವ್ಯಾಸದಲ್ಲಿ ಅತ್ಯಂತ ಪ್ರಿಯವಾದದ್ದು. ತಾರೀಕು, ಜಾಗ ಎರಡೂ ಖಚಿತವಾಗಿರುವ ಒಂದು ಫೋಟೊ ಹತ್ತು ಪುಸ್ತಕಕ್ಕೆ ಸಮ.

ಇಷ್ಟಾದರೂ ಬಣ್ಣದ ಜಗಳ ಮುಗಿಯದು. 1943ರ ಫೆಬ್ರವರಿಯ ಆದೇಶದಂತೆ ಕಾರ್ಖಾನೆಯಿಂದ ಬರುವ ಟ್ಯಾಂಕು ಕಡುಹಳದಿ. ಮೇಲಿನ ಕೆಂಗಂದು, ಆಲಿವ್ ಹಸಿರಿನ ಪಟ್ಟೆಗಳನ್ನು ಸಿಬ್ಬಂದಿಯೇ ಬಳಿದುಕೊಳ್ಳಬೇಕು. ಬಣ್ಣ ಬರುತ್ತಿದ್ದದ್ದು ಗಟ್ಟಿ ಪೇಸ್ಟಾಗಿ. ಪೆಟ್ರೋಲ್ ಸಿಕ್ಕರೆ ಪೆಟ್ರೋಲ್, ಇಲ್ಲದಿದ್ದರೆ ನೀರು ಬೆರೆಸು. ಪಂಪು ಕೆಟ್ಟರೆ ಬಟ್ಟೆ ಅದ್ದಿ ಬಳಿ. ನೀರು ಹೆಚ್ಚಾದರೆ ತೆಳು, ಮಳೆ ಬಂದರೆ ಅರ್ಧ ನೆಲಕ್ಕೆ. ಆ ಹುಡುಗರು ಹೇಗೋ ಬಳಿದು ಮುಗಿಸಿದ್ದನ್ನು ನಮ್ಮ ಗೆಳೆಯರು ಹನಿಲೆಕ್ಕದಲ್ಲಿ ಬೆರೆಸುತ್ತಾ ಕೂರುತ್ತಾರೆ.

ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಹೆನ್ಶೆಲ್ ಕಾರ್ಖಾನೆಯಲ್ಲಿ ಎಳೆತಂದ ಪರದೇಶದ ಜನರನ್ನು ಬಲವಂತದಿಂದ ದುಡಿಸಿದ್ದರು. ಯಾವ ತಿಂಗಳು ಎಷ್ಟು ಟೈಗರ್ ಹೊರಬಂತೆಂದು ಬಾಯಿಪಾಠ ಒಪ್ಪಿಸುವವರಲ್ಲಿ ಇದನ್ನು ಎತ್ತುವವರು ಕಡಿಮೆ. ನಾನೊಮ್ಮೆ ಎತ್ತಿದಾಗ ಗೆಳೆಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಪಾಟಿನಿಂದ ಆ ಬಗೆಗಿನ ಪುಸ್ತಕವನ್ನೂ ತೆಗೆದುಕೊಟ್ಟರು. ನನಗೆ ಅವರ ಮೇಲಿದ್ದ ಗೌರವ ಹೆಚ್ಚಿತು.

ಈಗ ಅವರು ಕೈಗೆತ್ತಿಕೊಂಡಿರುವುದು ಒಂದು ಪ್ಯಾಂಥರ್. ಯುದ್ಧ ಮುಗಿದ ಮೇಲೆ, 1945ರಲ್ಲಿ, ಹ್ಯಾನೋವರ್ ಹತ್ತಿರದ ಕಾರ್ಖಾನೆಯಲ್ಲಿ ಉಳಿದಿದ್ದ ಬಿಡಿಭಾಗಗಳಿಂದ ಬ್ರಿಟಿಷರು ತಮ್ಮ ಪರೀಕ್ಷೆಗೆಂದು ಅಲ್ಲಿನ ಕೆಲಸಗಾರರ ಕೈಲೇ ಒಂಬತ್ತು ಪ್ಯಾಂಥರ್ ಕಟ್ಟಿಸಿಕೊಂಡಿದ್ದರು. ಯಾವ ಕದನವನ್ನೂ ಕಾಣದ ಟ್ಯಾಂಕು, ಯಾರೂ ತಕರಾರು ತೆಗೆಯಲಾರರು ಎಂಬುದು ಗೆಳೆಯರ ಲೆಕ್ಕ. ಮೊನ್ನೆ ಅವರ ಶಿಷ್ಯನೊಬ್ಬ ಬಂದು ನೋಡಿದ. “ಒಂಬತ್ತರಲ್ಲಿ ಇದು ಎಷ್ಟನೇದು ಸಾರ್?” ಎಂದ.