ರೋಸ್‌ಲಾನ್‌ನ ಹೊಲದ ಬದಿಯಲ್ಲಿ

ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ ಒಂದು ದಿನ ಶಿಕಾಗೋದಿಂದ ಇಂಡಿಯಾನಾಪೊಲಿಸ್‌ಗೆ ಕಾರಿನಲ್ಲಿ ಹೊರಟೆವು. ಅಕ್ಟೋಬರ್ ತಿಂಗಳ ಕೊನೆ. ಸಣ್ಣಗೆ ಜಡಿಮಳೆ. ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ, ಸೋಯಾ ಹೊಲಗಳು. ಗಂಟೆಗೂ ಹೆಚ್ಚು ಹೊತ್ತು ಸಾಗಿದ ಮೇಲೆ ಅಳಿಯ ಹೆದ್ದಾರಿ ಬಿಟ್ಟು ರೋಸ್‌ಲಾನ್ ಎಂಬ ಪುಟ್ಟ ಊರಿನ ಬಳಿ ಕಿರುದಾರಿಗೆ ತಿರುಗಿಸಿದರು. ಅಲ್ಲಿ ಹೊಲದ ಬದಿಯಲ್ಲೊಂದು ಸ್ಮಾರಕ.

1994ರ ಅಕ್ಟೋಬರ್ 31ರಂದು ಶಿಕಾಗೋಗೆ ಹೊರಟಿದ್ದ ಎಟಿಆರ್-72 ವಿಮಾನ ಇಲ್ಲಿನ ಸೋಯಾ ಹೊಲಕ್ಕೆ ಬಿತ್ತು. ಒಳಗಿದ್ದ 68 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ನಮ್ಮ ಹುಬ್ಬಳ್ಳಿ, ಮೈಸೂರಿಗೆ ಬರುವ ಪಂಖದ ವಿಮಾನಗಳೂ ಇದೇ ವಂಶದವು.

"ಅವತ್ತು ತುಂಬಾ ಚಳಿಯಿತ್ತಾ ತಾತ?" ಎಂದ ಮೊಮ್ಮಗ. ನಾನೂ ಹಾಗೇ ತಿಳಿದಿದ್ದೆ. ಎಂಜಿನಿಯರಾದ ಅಳಿಯ ತಿದ್ದಿದರು. ಕೊರೆಯುವ ಚಳಿಗಿಂತ ಸೊನ್ನೆ ಡಿಗ್ರಿಯ ಆಸುಪಾಸಿನ ಚಳಿಯೇ ಅಪಾಯ. ಮೋಡದ ಹನಿಗಳು ಸೊನ್ನೆಗಿಂತ ಕೆಳಗೂ ನೀರಾಗಿಯೇ ಉಳಿಯಬಲ್ಲವು. ವಿಮಾನ ತಾಗಿದೊಡನೆ ಹೆಪ್ಪುಗಟ್ಟುತ್ತವೆ. ಬಹಳ ತಣ್ಣಗಿನ ಮೋಡದ ಪುಟ್ಟ ಹನಿ ತಾಗಿದಲ್ಲೇ ಬಿಳಿ, ಒರಟು ಮಂಜಾಗುತ್ತದೆ. ಸೊನ್ನೆಯ ಹತ್ತಿರ ದೊಡ್ಡ ಹನಿಯಾದರೆ ರೆಕ್ಕೆಯ ಮೇಲೆ ಹಿಂದಕ್ಕೆ ಹರಿದು ಗಾಜಿನಂತೆ ಗಟ್ಟಿಯಾಗುತ್ತದೆ. ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಮೈನಸ್ ಐವತ್ತರ ಚಳಿಯಿದ್ದರೂ ಅಲ್ಲಿನ ಮೋಡದಲ್ಲಿರುವುದು ಬಹುತೇಕ ಮಂಜಿನ ಹರಳು. ಅದು ರೆಕ್ಕೆಗೆ ಅಂಟುವುದಿಲ್ಲ.

ಆ ವಿಮಾನ ಇಳಿಯಲು ಸರದಿ ಕಾಯುತ್ತಾ ಹತ್ತು ಸಾವಿರ ಅಡಿ ಎತ್ತರದಲ್ಲಿ ಅರ್ಧ ಗಂಟೆಗೂ ಹೆಚ್ಚು ಕಾಲ ಸುತ್ತುತ್ತಿತ್ತು. ರೆಕ್ಕೆಯ ಮುಂಚೂಣಿಯಲ್ಲಿ ಗಾಳಿ ತುಂಬಿ ಉಬ್ಬುವ ರಬ್ಬರ್ ಪಟ್ಟಿ ಇತ್ತು. ಅದು ಉಬ್ಬಿದರೆ ಮಂಜು ಒಡೆದು ಉದುರುತ್ತದೆ. ಆದರೆ ಅಂದಿನ ದೊಡ್ಡ ಹನಿಗಳು ಪಟ್ಟಿಯನ್ನು ದಾಟಿ ಹಿಂದೆ ಏಣಿನಂತೆ ಗಟ್ಟಿಯಾದವು. ಗಾಳಿಯ ಹರಿವು ಕೆಟ್ಟು ವಿಮಾನ ಹಠಾತ್ತನೆ ಮಗುಚಿತು.

ಆಮೇಲೆ ಆ ಪಟ್ಟಿಯನ್ನು ಹಿಂದಕ್ಕೆ ಅಗಲಿಸಿದರು. ಅಂಥ ಮಂಜು ಕಂಡೊಡನೆ ಅಲ್ಲಿಂದ ಹೊರಬೀಳಬೇಕೆಂದು ಪೈಲಟ್‌ಗಳಿಗೆ ನಿಯಮವಾಯಿತು.

ಮೊಮ್ಮಗ ಕೈಚಾಚಿ ಜಡಿಮಳೆಯ ಹನಿ ಹಿಡಿದು ನೋಡಿದ. ಯಾರೂ ಮಾತಾಡಲಿಲ್ಲ.

ಊರಿಗೆ ಮರಳುವ ದಿನ ಹವಾಮಾನ ಸರಿಯಿಲ್ಲವೆಂದು ನಮ್ಮ ವಿಮಾನ ಎರಡು ಗಂಟೆ ತಡವಾಯಿತು. ಸುತ್ತಲಿನವರು ಗೊಣಗಿದರು. ಬ್ಯಾಂಕಿನಲ್ಲಿ ಐದು ನಿಮಿಷದ ತಡಕ್ಕೂ ಸಿಡುಕುತ್ತಿದ್ದ ನಾನು, ಅಂದು ಸುಮ್ಮನೆ ಕುಳಿತು ಮೊಮ್ಮಗ ಕೊಟ್ಟ ಕಡಲೆಬೀಜ ತಿಂದೆ.